ಲೆಕ್ಕಕ್ಕಿಲ್ಲದ ಬೀಸು

"ಏಳು ವರ್ಷಕ್ಕೆ ಬಂದ ಹುಡುಗರು ತಿಂಗಳಲ್ಲಿ ಕಲಿಯುವುದು ಐವತ್ತಕ್ಕೆ ಬಂದ ನನಗೆ ವರ್ಷವಾದರೂ ಹತ್ತುವುದಿಲ್ಲವಲ್ಲ, ಗುರುಗಳೇ. ಇದು ವಯಸ್ಸಿನ ದೋಷವೋ, ನನ್ನ ದೋಷವೋ?" ಎಂದು ಶಿಷ್ಯ ಕೇಳಿದ. ಅಂದಿನ ಶ್ಲೋಕಪಾಠದಲ್ಲಿ ಮೂರು ಸಲ ಅವನಿಗೆ ಕೆಮ್ಮು ಬಂದು ಸಾಲು ಅರ್ಧಕ್ಕೇ ನಿಂತಿತ್ತು.

ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕ ನಲವತ್ತೆಂಟನೇ ವಯಸ್ಸಿನಲ್ಲಿ ಗಾಲ್ಫ್ ಕಲಿಯಹೊರಟ. ಅವನ ಬೀಗ ಎಂಟನೇ ವಯಸ್ಸಿನಿಂದ ಆ ಆಟ ಆಡಿದವನು. ಭಾನುವಾರ ಬೀಗ ದೊಡ್ಡ ಮೈದಾನದಲ್ಲಿ ಆಡುತ್ತಿದ್ದರೆ ವರ್ತಕ ಬೇಲಿಯ ಈಚೆ ಕಲಿಯುವವರ ಸಾಲಿನಲ್ಲಿ ನಿಂತಿರಬೇಕು. ಒಮ್ಮೆಯಾದರೂ ಬೀಗನ ಪಕ್ಕದಲ್ಲಿ ನಿಂತು ಆಡಬೇಕೆಂಬುದು ಅವನ ಹಟ. ಅದಕ್ಕೆ ಕಲಿಸುವ ಮೇಷ್ಟರ ಒಪ್ಪಿಗೆ ಬೇಕಿತ್ತು.

ಕೋಲಿನಿಂದ ಚೆಂಡನ್ನು ಹೊಡೆದು ದೂರದ ಕುಳಿಗೆ ಬೀಳಿಸಬೇಕು. ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದ. ಹೊಡೆಯಲೆಂದು ಬೀಸಿದ ಕೋಲು ಚೆಂಡಿಗೆ ತಾಗದಿದ್ದರೂ ಅದು ಒಂದು ಹೊಡೆತವೇ. ಹೊಡೆಯುವ ಮುಂಚೆ ಕೈ ಕುದುರಲೆಂದು ಅಂದಾಜಿಗೆ ಬೀಸಿದ್ದು ಮಾತ್ರ ಲೆಕ್ಕಕ್ಕಿಲ್ಲ. ಆಟದ ನಿಯಮ ಇಷ್ಟು.

ವರ್ತಕನ ಕೋಲು ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು. ಚೆಂಡು ಇದ್ದಲ್ಲೇ ಇರುತ್ತಿತ್ತು. ಅವನು ಒಮ್ಮೆ ಆಚೀಚೆ ನೋಡಿ ಹೇಳುತ್ತಿದ್ದ, "ಇದು ಸುಮ್ಮನೆ ಅಂದಾಜಿಗೆ ಬೀಸಿದ್ದು."

ಮೇಷ್ಟರು ಎರಡು ವರ್ಷ ಈ ಮಾತು ಕೇಳಿದರು. ಮೊದಮೊದಲು ನಕ್ಕರು. ಆಮೇಲೆ ಹಲ್ಲು ಕಚ್ಚಿದರು. ಮೊಣಕೈ ಮಡಚುತ್ತಿದೆ ಎನ್ನೋಣವೆಂದರೆ, ಅಂದಾಜಿಗೆ ಬೀಸಿದ್ದರಲ್ಲಿ ಮೊಣಕೈಯ ಮಾತೇಕೆ ಎಂದು ಅವನು ಕೇಳುತ್ತಾನೆ. ಬೀಸಿಯೇ ಇಲ್ಲ ಎನ್ನುವವನ ಬೀಸನ್ನು ತಿದ್ದುವುದು ಹೇಗೆ? ವರ್ತಕ ಮಾತ್ರ ಪ್ರತಿ ಮಳೆಗಾಲಕ್ಕೊಮ್ಮೆ ಕೋಲು ಬದಲಿಸಿದ.

ಕೊನೆಗೆ ಪರೀಕ್ಷೆಯ ದಿನ ಬಂತು. ಜೊತೆಗೆ ಆಡಲು ಬೀಗನೇ ಬಂದ. ಮೊದಲು ಅವನು ಬೀಸಿದ. ಕೋಲು ಚೆಂಡಿಗೆ ತಾಗಲಿಲ್ಲ. "ಒಂದು," ಎಂದು ತಾನೇ ಗಟ್ಟಿಯಾಗಿ ಹೇಳಿ ಮತ್ತೆ ನಿಂತ.

ವರ್ತಕ ಹಿಗ್ಗಿದ. "ನಿಮಗೂ ತಪ್ಪುತ್ತದೆಯೇ, ಬೀಗರೇ?"

"ಚಿಕ್ಕವನಿದ್ದಾಗ ದಿನಕ್ಕೆ ನೂರು ಸಲ ತಪ್ಪುತ್ತಿತ್ತು. ಅಕ್ಕ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ನಿಮ್ಮದು ಪಳಗಿದ ಕೈ ಬಿಡಿ, ಎರಡು ವರ್ಷದಲ್ಲಿ ಒಂದೂ ತಪ್ಪಿಲ್ಲವಂತೆ."

ವರ್ತಕ ಬಿಗಿದುಕೊಂಡು ನಿಂತು ಬೀಸಿದ. ಗರಿಕೆಯ ನಾಲ್ಕು ಎಸಳು ಹಾರಿದವು. ಚೆಂಡು ಅಲುಗಲಿಲ್ಲ. ಮೇಷ್ಟರು ಕಾದರು. ಒಂದು ಎಂದು ಅವನ ಬಾಯಲ್ಲಿ ಬಂದರೆ ಸಾಕು, ಇಂದೇ ಒಪ್ಪಿಗೆ ಕೊಟ್ಟುಬಿಡುತ್ತೇನೆ ಎಂದುಕೊಂಡರು.

"ಇದು ಅಂದಾಜಿಗೆ," ಎಂದ ವರ್ತಕ.

ಮೇಷ್ಟರು ಬಗ್ಗಿ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡರು. "ಹಾಗಾದರೆ ನೀವು ಕಲಿಯುವುದು ಇನ್ನೂ ಶುರುವೇ ಆಗಿಲ್ಲ, ಸಾಹುಕಾರರೇ. ಶುರುವಾದ ದಿನ ಹೇಳಿಕಳಿಸಿ," ಎಂದು ಬೇಲಿ ದಾಟಿ ಹೊರಟುಹೋದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ ಅವನು ಕಲಿತನೇ?" ಎಂದು ಶಿಷ್ಯ ಕೇಳಿದ.

"ನಾಳೆ ಸಾಲು ಮರೆತಾಗ ಕೆಮ್ಮಬೇಡ, ಗೊತ್ತಾಗುತ್ತದೆ," ಎಂದರು ಗುರುಗಳು.