ಅಳತೆಯ ರವಿಕೆ

ಮನೆಯ ಜಗಲಿಯಲ್ಲೇ ಬಟ್ಟೆ ಹೊಲಿಯುವ ಯಮುನಕ್ಕನ ಬಳಿಗೆ ಚಂಪಕಮ್ಮ ಎರಡು ರವಿಕೆ ತಂದರು. “ಇನ್ನು ಅಳತೆಗೆ ಮೊನ್ನೆ ನೀನು ಹೊಲಿದುಕೊಟ್ಟ ಈ ರೇಷ್ಮೆಯದೇ ಇರಲಿ. ಹಳೆಯದರಲ್ಲಿ ಮೆಷಿನ್ ಒರೆಸಿಕೊ” ಎಂದು ಹೇಳಿ ಹೋದರು.

“ಅಜ್ಜಿ, ನಿನ್ನ ಕಾಲ ಮುಗಿಯಿತು” ಎಂದಿತು ರೇಷ್ಮೆ ರವಿಕೆ.

ಮೆಷಿನ್ ಒರೆಸಲು ಹಳೆಯದನ್ನೆತ್ತಿಕೊಂಡ ಯಮುನಕ್ಕ ತೋಳಿನ ಸೊಟ್ಟ ಹೊಲಿಗೆ ಕಂಡು ನಿಂತಳು. “ಅಯ್ಯೋ, ಸ್ವಂತ ಮೆಷಿನ್ ಕೊಂಡಾಗ ಮೊದಲು ಹೊಲಿದದ್ದು! ಆಗಿನ್ನೂ ಕಲಿಯುತ್ತಿದ್ದೆ!” ಎನ್ನುತ್ತ ಕೆನ್ನೆಗೊತ್ತಿಕೊಂಡು, ಮಡಿಚಿ ಗಾಜಿನ ಕಪಾಟಿನಲ್ಲಿಟ್ಟಳು.

ರೇಷ್ಮೆಗೆ ಸಿಟ್ಟು ಬಂತು. “ನೇರ ಹೊಲಿಗೆ ನನ್ನದು. ಗೌರವ ಮಾತ್ರ ನಿನಗೇ?”

“ಅವಳು ಕಲಿತದ್ದು ನನ್ನ ಮೇಲೆ, ಮಗಳೇ. ಅವಳ ತಪ್ಪೆಲ್ಲ ನಾನು ಹೊತ್ತೆ. ಅದಕ್ಕೇ ನೀನು ನೇರವಾದೆ.”