ಕಡವೆಯಣ್ಣನ ಅಡ್ಡದಾರಿ

ಮಕ್ಕಳೇ, ಕಲ್ಲುಗುಡ್ಡದ ಕೆಳಗಿನ ಕಾಡಿನಲ್ಲಿ ಬೇಸಿಗೆಯಲ್ಲೂ ಬತ್ತದ ಹೊಂಡ ಒಂದೇ ಒಂದಿತ್ತು. ಹುಲ್ಲು ಮೇಯುವವರು ಅಲ್ಲಿ ನೀರು ಕುಡಿಯಬೇಕು, ಕಾಡುಹಂದಿಗಳು ಅಲ್ಲೇ ಹೊರಳಾಡಬೇಕು. ಹಂದಿಗಳು ಮೊದಲು ಇಳಿದರೆ ಉಳಿದವರಿಗೆ ಕೆಸರೇ ಗತಿ. ಹಾಗಾಗಿ ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಯಾರು ಮೊದಲು ಇಳಿಯಬೇಕೆಂದು ಹೇಳಲು ಹೊಂಡಕ್ಕೊಬ್ಬ ಯಜಮಾನನನ್ನು ಆರಿಸುತ್ತಿದ್ದರು. ಬೇಕಾದವರ ಹಿಂದೆ ಹೋಗಿ ನಿಲ್ಲುವುದು, ತಲೆ ಎಣಿಸುವುದು, ಅಷ್ಟೇ.

ಹಂದಿಗಳ ಕಡೆಯಿಂದ ಒಬ್ಬನೇ ನಿಲ್ಲುತ್ತಿದ್ದ. ಆದ್ದರಿಂದ ಹುಲ್ಲು ಮೇಯುವವರೂ ಮೊದಲು ತಮ್ಮೊಳಗೆ ಒಬ್ಬರನ್ನು ಆರಿಸಿಕೊಳ್ಳಬೇಕಿತ್ತು. ಆರು ವರ್ಷದಿಂದ ಕಾಟಿ, ಅಂದರೆ ಕಾಡುಕೋಣಗಳ, ಹಿಂಡಿನ ಹಿರಿಯಳಾದ ಕಾಟಿಯಮ್ಮನೇ ನಿಂತು ಗೆಲ್ಲುತ್ತಿದ್ದಳು. ಈ ಸಲ ಕಡವೆಯಣ್ಣನಿಗೂ ಆಸೆಯಾಯಿತು. ಕೊಂಬು ಉದ್ದ, ದನಿ ಗಟ್ಟಿ. ತಾಳ್ಮೆ ಮಾತ್ರ ಗಿಡ್ಡ.

ಅವನು ಮರದ ಮೇಲಿನ ಕರಿಮೂತಿ ಕೋತಿ ಮುಸುವನ ಹತ್ತಿರ ಹೋಗಿ ಉಪಾಯ ಕೇಳಿದ.

"ಒಂದು ತಿಂಗಳು ಹಿಂಡು ಹಿಂಡಿಗೂ ಹೋಗು. ಅವರ ಕಷ್ಟ ಕೇಳು. ನೀನು ಏನು ಮಾಡುತ್ತೀಯ ಅಂತ ಹೇಳು" ಎಂದ ಮುಸುವ.

ಕಡವೆಯಣ್ಣ ನಾಲ್ಕು ದಿನ ಸುತ್ತಿದ. ಮೊಲಗಳ ದೂರು ಮುಗಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಜಿಂಕೆಗಳು ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದವು. ಐದನೆಯ ದಿನ ಅವನು ಮುಸುವನ ಮರದ ಕೆಳಗೆ ಕಾಲು ಚಾಚಿ ಬಿದ್ದುಕೊಂಡ.

"ಸಾಕಾಯಿತು ಮಾರಾಯ. ಬೇಗ ಮುಟ್ಟುವ ದಾರಿ ಇಲ್ಲವೇ?"

ಮುಸುವ ಕೊಂಬೆಯಿಂದ ಕೆಳಗೆ ಬಗ್ಗಿದ. "ಇದೆ. ಕಾಟಿಯಮ್ಮನ ಒಂದು ಕಣ್ಣು ಮಂಜಾಗಿದೆ. ಅದನ್ನೇ ಹಿಡಿದುಕೋ. ಆದರೆ ಅದು ಒಳ್ಳೆಯ ದಾರಿ ಅಲ್ಲ."

"ಹತ್ತಿರದ ದಾರಿ ತಾನೇ?" ಎಂದು ಕಡವೆಯಣ್ಣ ಎದ್ದು ಹೊರಟ.

ಮೂರೇ ದಿನದಲ್ಲಿ ಕಾಡೆಲ್ಲ ಒಂದೇ ಮಾತು. "ಕಾಟಿಯಮ್ಮನಿಗೆ ಕಣ್ಣು ಕಾಣುವುದಿಲ್ಲವಂತೆ. ಅವಳ ಹಿಂದೆ ಹೋದ ಮರಿ ಸೀದಾ ಹುಲಿಯ ಬಾಯಿಗಂತೆ." ಮರಿಗಳಿದ್ದ ಜಿಂಕೆಗಳು ಹೆದರಿದವು. ಹುಲ್ಲು ಮೇಯುವವರು ತಮ್ಮೊಳಗೆ ಆರಿಸುವ ದಿನ ತಲೆ ಎಣಿಸಿದಾಗ ಕಡವೆಯಣ್ಣನ ಹಿಂದೆ ನಾಲ್ಕು ತಲೆ ಹೆಚ್ಚಿದ್ದವು.

ಕಾಟಿಯಮ್ಮ ನಿಧಾನವಾಗಿ ಅವನ ಹತ್ತಿರ ಬಂದಳು.

"ಒಂದು ಕಣ್ಣು ಮಂಜಾಗಿರುವುದು ನಿಜ ಕಣೋ. ನನಗೂ ಸುಸ್ತಾಗಿದೆ. 'ಅಕ್ಕ, ಈ ಸಲ ನಾನು ನಿಲ್ಲಲೇ?' ಅಂತ ಕೇಳಿದ್ದರೆ ನಾನೇ ಬಿಟ್ಟುಕೊಡುತ್ತಿದ್ದೆ."

ಅವಳು ಹಿಂಡನ್ನು ಕರೆದುಕೊಂಡು ಗುಡ್ಡ ಹತ್ತಿದಳು.

ಎಂಟು ದಿನ ಬಿಟ್ಟು ಹೊಂಡದ ಯಜಮಾನನನ್ನು ಆರಿಸುವ ದಿನ ಬಂತು. ಹಂದಿಗಳು ಮರಿಮಕ್ಕಳ ಸಮೇತ ಬಂದು ತಮ್ಮವನ ಹಿಂದೆ ಸಾಲಾಗಿ ನಿಂತವು. ಕಡವೆಯಣ್ಣನ ಹಿಂದೆ ಜಿಂಕೆಗಳು ಬಂದವು, ಮೊಲಗಳು ಬಂದವು. ಕಾಟಿಗಳ ಹಿಂಡಿನ ಸುಳಿವೇ ಇಲ್ಲ.

ಕೊನೆಗೆ ಕಾಟಿಯಮ್ಮ ಒಬ್ಬಳೇ ಗುಡ್ಡ ಇಳಿದು ಬಂದಳು. ಯಾರ ಕಡೆಯೂ ನೋಡದೆ ಕಡವೆಯಣ್ಣನ ಹಿಂದೆ ನಿಂತಳು.

"ಉಳಿದವರು ಎಲ್ಲಿ ಅಕ್ಕ?" ಎಂದು ಅವನು ಗುಡ್ಡದ ಕಡೆ ಕತ್ತು ಚಾಚಿದ.

"ಕರೆದೆ. 'ನಿನ್ನನ್ನು ಕುರುಡಿ ಅಂದವನ ಹಿಂದೆ ನಾವು ಯಾಕೆ ನಿಲ್ಲಬೇಕು?' ಅಂದರು. ನಾನೊಬ್ಬಳೇ ಬಂದೆ."

ತಲೆ ಎಣಿಸಿದರು. ಕಡವೆಯಣ್ಣ ಆರು ತಲೆಯಿಂದ ಸೋತಿದ್ದ. ಗುಡ್ಡದ ಮೇಲೆ ಹನ್ನೊಂದು ಕಾಟಿಗಳು ಮೇಯುತ್ತಿದ್ದವು. ಅಂದು ಸಂಜೆಯೇ ಹಂದಿಗಳು ಹೊಂಡಕ್ಕೆ ಇಳಿದವು.

ಮರುದಿನ ಮುಸುವ ಮರದಿಂದ ಇಳಿದು ಬಂದ. "ಬರುವ ವರ್ಷಕ್ಕೆ ನನ್ನಲ್ಲಿ ಒಂದು ಉಪಾಯ ಇದೆ."

"ಉಪಾಯ ಇರಲಿ" ಎಂದ ಕಡವೆಯಣ್ಣ. ಹೊಂಡವೆಲ್ಲ ಕೆಸರಾಗಿ ಬಾಯಾರಿತ್ತು. ಆದರೂ ಗುಡ್ಡ ಹತ್ತಿ, ಕಾಟಿಗಳ ನಡುವೆ ಹೋಗಿ ತಲೆ ತಗ್ಗಿಸಿ ನಿಂತ. "ತಪ್ಪು ಮಾಡಿದೆ" ಎಂದ.

ಕಾಟಿಗಳು ಮೇಯುತ್ತಲೇ ಇದ್ದವು. ಬಿಸಿಲು ಏರಿತು. ಅವನು ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಕಾಟಿ, ಮುಖ ಆಚೆ ತಿರುಗಿಸಿಕೊಂಡೇ, ನೆರಳಿನಲ್ಲಿ ತುಸು ಸರಿದು ಅವನಿಗೆ ಜಾಗ ಬಿಟ್ಟಿತು.

ನೀತಿ: ತನ್ನವರನ್ನು ಹಳಿದು ಒಳಗೆ ಗೆದ್ದವನು, ಹೊರಗಿನವರ ಎದುರು ನಿಂತಾಗ ತನ್ನವರಿಲ್ಲದೆ ಸೋಲುತ್ತಾನೆ.