ಹೊಳೆ ಬಿಟ್ಟುಕೊಟ್ಟ ಎರಡೆಕರೆ

"ಗುರುಗಳೇ, ನನ್ನದನ್ನು ನಾನು ಕೇಳಿದರೆ ತಪ್ಪೇ?"

ಕೇಳಿದ ಶಿಷ್ಯ ಊರಿಗೆ ಹೊರಟು ನಿಂತಿದ್ದ. ತಂದೆ ಬಿಟ್ಟುಹೋದ ಹೊಲದಲ್ಲಿ ಅವನ ಪಾಲನ್ನೂ ಗಂಡ ಸತ್ತ ಅಕ್ಕನೇ ಉಳುತ್ತಿದ್ದಳು. ಅದನ್ನು ಬಿಡಿಸಿಕೊಂಡು ಮಠಕ್ಕೆ ಬರೆಸಬೇಕೆಂದು ಅವನ ಮನಸ್ಸು. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ದೊಡ್ಡ ಹೊಳೆಯ ನಡುವೆ ಒಂದು ನಡುಗಡ್ಡೆ ಇತ್ತು. ಅದರ ಮೇಲೆ ಮೂವತ್ತು ಮನೆಗಳ ಊರು. ಉಪ್ಪು ತರುವುದಾದರೂ, ಔಷಧ ತರುವುದಾದರೂ, ಹೆಣ್ಣು ಕೊಡುವುದಾದರೂ ಹೊಳೆ ದಾಟಲೇಬೇಕು. ಬೇಸಿಗೆಯ ಕೆಲವು ವಾರ ಬಿಟ್ಟರೆ ದಾಟಿಸಲು ಇದ್ದದ್ದು ಒಂದೇ ಹರಿಗೋಲು. ಅದನ್ನು ನಡೆಸುತ್ತಿದ್ದವಳು ದ್ಯಾವಮ್ಮ ಎಂಬ ಅಂಬಿಗರ ಹೆಂಗಸು. ಗಂಡ ತೀರಿಕೊಂಡ ಮೇಲೆ ಹುಟ್ಟು ಅವಳ ಕೈಗೆ ಬಂದಿತ್ತು. ಯಾವ ತಿಂಗಳಲ್ಲಿ ಯಾವ ಬಂಡೆಯ ಹಿಂದೆ ಸುಳಿ ಏಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಯಾರಿಗೂ ಅನ್ನಿಸಿಯೂ ಇರಲಿಲ್ಲ. ಸುಗ್ಗಿ ಮುಗಿದಾಗ ಮನೆಗೆ ನಾಲ್ಕು ಸೇರಿನಂತೆ ಜೋಳ ಅವಳಿಗೆ ಸಲ್ಲುತ್ತಿತ್ತು.

ಅದೇ ಊರಲ್ಲಿ ಗೂಳಪ್ಪ ಎಂಬ ರೈತನಿದ್ದ. ಕೆಟ್ಟವನಲ್ಲ. ಒಬ್ಬರ ಹುಲ್ಲುಕಡ್ಡಿ ಮುಟ್ಟಿದವನಲ್ಲ. ಅವನ ಅಜ್ಜನ ಕಾಲದ ಮಹಾಪೂರದಲ್ಲಿ ನಡುಗಡ್ಡೆಯ ಕೆಳತುದಿ ಕೊಚ್ಚಿಹೋಗಿತ್ತು. ಅದರ ಜೊತೆ ಆ ಮನೆತನದ ಎರಡೆಕರೆಯೂ ಹೋಗಿತ್ತು. ನೆಲ ಹೋದರೂ ಕಾಗದ ಉಳಿದಿತ್ತು. ಗೂಳಪ್ಪನ ತಂದೆ ಸಾಯುವ ದಿನ ಆ ಸರ್ವೆ ನಂಬರನ್ನು ಮಗನ ಬಾಯಿಂದ ಮೂರು ಸಲ ಹೇಳಿಸಿ ಕಣ್ಣು ಮುಚ್ಚಿದ್ದ.

ವರ್ಷ ವರ್ಷವೂ ಮೆಕ್ಕಲು ಮಣ್ಣು ನಿಂತು ಆ ತುದಿಯಲ್ಲಿ ನೆಲ ಮತ್ತೆ ಎದ್ದಿತು. ಅದರ ಪಕ್ಕದಲ್ಲೇ ದ್ಯಾವಮ್ಮನ ಗುಡಿಸಲು. ಅವಳು ಜಾಲಿ ಕಡಿದು, ಕಲ್ಲು ಆಯ್ದು ಹಸನು ಮಾಡಿದಳು. ಶೇಂಗಾ ಬಿತ್ತಿದಳು, ಸವತೆ ಬಳ್ಳಿ ಹಬ್ಬಿಸಿದಳು. ಯಾರೂ ಬೇಡವೆನ್ನಲಿಲ್ಲ. ಮೊದಲ ಫಸಲು ಬಂದಾಗ ಊರ ಮನೆಮನೆಗೂ ಕೊಟ್ಟಳು. ಗೂಳಪ್ಪನ ಮನೆಗೂ ಒಂದು ಬುಟ್ಟಿ ಸವತೆಕಾಯಿ ಇಟ್ಟು ಹೋದಳು. ಹೆಂಡತಿ ಈರಮ್ಮ ಹೆಚ್ಚಿ ಮುಂದಿಟ್ಟರೆ ಅವನು ಮುಟ್ಟಲಿಲ್ಲ. ನನ್ನ ನೆಲದ ಕಾಯನ್ನು ನನಗೇ ದಾನ ಕೊಟ್ಟಳಲ್ಲ ಎಂಬುದು ಅವನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು.

ಗೂಳಪ್ಪ ದಾವೆ ಹೂಡಿದ. ಕೋರ್ಟು ಇದ್ದದ್ದು ಆಚೆ ದಡದ ಪಟ್ಟಣದಲ್ಲಿ. ವಾಯಿದೆ ಬಂದಾಗಲೆಲ್ಲ ಹೊಳೆ ದಾಟಬೇಕು. ಹರಿಗೋಲು ಒಂದೇ. ಅವನು ಕಾಗದದ ಗಂಟನ್ನು ತಲೆಯ ಮೇಲೆ ಹಿಡಿದು ಒಂದು ಅಂಚಿಗೆ ಕೂರುತ್ತಿದ್ದ. ಅವಳು ಇನ್ನೊಂದು ಅಂಚಿನಲ್ಲಿ ನಿಂತು ಹುಟ್ಟು ಹಾಕುತ್ತಿದ್ದಳು. ದಡ ಸೇರಿದ ಮೇಲೆ ಇಬ್ಬರೂ ಹಿಂದೆ ಮುಂದೆ ನಡೆದು ಅದೇ ಕೋರ್ಟಿಗೆ ಹೋಗುತ್ತಿದ್ದರು. ಹೀಗೆ ಆರು ವರ್ಷ.

ಒಂದು ಸಲ ನಡು ಹೊಳೆಯಲ್ಲಿ ಹರಿಗೋಲು ಸುಳಿಗೆ ಸಿಕ್ಕು ಗಿರಗಿರನೆ ತಿರುಗಿತು. ಗೂಳಪ್ಪ ಕಣ್ಣು ಮುಚ್ಚಿಕೊಂಡ. ಅವಳು ಹುಟ್ಟನ್ನು ಬಂಡೆಗೆ ಒತ್ತಿ, ಮೈಯ ಭಾರವನ್ನೆಲ್ಲ ಬಿಟ್ಟು ಹರಿಗೋಲನ್ನು ಹೊರಗೆ ತಂದಳು. ದಡದಲ್ಲಿ ಇಳಿದ ಮೇಲೆ ಅವನು ಕೇಳಿದ:

"ದ್ಯಾವಮ್ಮಾ, ಇವನು ಮುಳುಗಿ ಹೋಗಲಿ ಅಂತ ನಿನಗೆ ಒಂದು ಸಲವೂ ಅನ್ನಿಸಲಿಲ್ಲವಾ?"

"ಹರಿಗೋಲು ಹತ್ತಿದವರನ್ನ ದಡ ಮುಟ್ಟಿಸೋದು ಕಲ್ತೀನಿ ಯಣ್ಣಾ. ಬೇರೆ ವಿದ್ಯೆ ಕಲ್ತಿಲ್ಲ."

ಅಂದು ಅವನ ಮನಸ್ಸು ಅಲುಗಿತು. ಆದರೆ ಕೋರ್ಟಿನ ಮೆಟ್ಟಿಲು ಹತ್ತುವಷ್ಟರಲ್ಲಿ ತಂದೆ ಹೇಳಿಸಿದ ನಂಬರು ನೆನಪಾಯಿತು.

ಕೊನೆಗೆ ಸರ್ವೆಯವರು ಬಂದು ಅಳೆದರು. ನೆಲ ಗೂಳಪ್ಪನದೇ ಎಂದು ತೀರ್ಪಾಯಿತು. ಅದರಲ್ಲಿ ಸುಳ್ಳಿರಲಿಲ್ಲ, ಮೋಸವಿರಲಿಲ್ಲ. ಆ ಸಂಜೆ ಅವನನ್ನು ಹಿಂದಕ್ಕೆ ದಾಟಿಸಿದವಳೂ ಅವಳೇ. ಇಳಿಯುವಾಗ ಅವನು, "ಬೇಕಾದರೆ ಅದೇ ಹೊಲಕ್ಕೆ ಕೂಲಿಗೆ ಬಾ" ಎಂದ. ಕರುಣೆಯಿಂದಲೇ ಹೇಳಿದ. ಅವಳು ಹರಿಗೋಲನ್ನು ದಡಕ್ಕೆಳೆದು, ಬೋರಲು ಹಾಕಿ, ಗುಡಿಸಲಿಗೆ ನಡೆದಳು.

ಊರು ಕೊಡುತ್ತಿದ್ದ ಜೋಳ ಅರ್ಧ ವರ್ಷಕ್ಕೂ ಸಾಲುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಅವಳನ್ನೂ ಅವಳ ಮಗಳನ್ನೂ ಸಾಕಿದ್ದು ಆ ಮೆಕ್ಕಲು ನೆಲ. ಇದು ಊರಿಗೆ ತಿಳಿಯದ್ದಲ್ಲ. ಮನೆಗೆ ಇನ್ನೆರಡು ಸೇರು ಹೆಚ್ಚಿಗೆ ಕೊಡೋಣ ಎಂದು ಕಟ್ಟೆಯ ಮೇಲೆ ಒಬ್ಬರು ಅಂದರು. ಮುಂದಿನ ಸುಗ್ಗಿಗೆ ನೋಡೋಣ ಎಂದರು ಉಳಿದವರು. ಗೂಳಪ್ಪ ಸುಮ್ಮನೆ ಕೂತಿದ್ದ. ಹದಿನೈದು ದಿನ ಕಳೆದು ದ್ಯಾವಮ್ಮ ಮಗಳನ್ನೂ ನಾಲ್ಕು ಪಾತ್ರೆಗಳನ್ನೂ ಹರಿಗೋಲಿನಲ್ಲಿ ಕೂರಿಸಿಕೊಂಡು ಆಚೆ ದಡಕ್ಕೆ ಹೋದಳು. ತಿರುಗಿ ಬರಲಿಲ್ಲ.

ಬೇಸಿಗೆಯಲ್ಲಿ ಯಾರಿಗೂ ಕೊರತೆ ಕಾಣಲಿಲ್ಲ. ಹೊಳೆ ಇಳಿದಿತ್ತು. ಜನ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟಿದರು. ಗೂಳಪ್ಪ ಎರಡೆಕರೆಗೆ ಬೇಲಿ ಹಾಕಿದ. ಆಷಾಢದಲ್ಲಿ ನೀರು ಬಂತು. ಊರವರು ಹೊಸ ಹರಿಗೋಲು ತರಿಸಿದ್ದರು. ಹುಟ್ಟು ಹಾಕಲು ಗಟ್ಟಿ ಗಂಡಸರೂ ಇದ್ದರು.

ಶ್ರಾವಣದಲ್ಲಿ ಈರಮ್ಮನಿಗೆ ಜ್ವರ ಏರಿತು. ಮಾತು ತೊದಲತೊಡಗಿದಾಗ ಅವಳನ್ನು ಕಂಬಳಿಯಲ್ಲಿ ಸುತ್ತಿ ಹರಿಗೋಲಿನಲ್ಲಿ ಮಲಗಿಸಿದರು. ನಾಲ್ವರು ಹುಟ್ಟು ಹಾಕಿದರು. ನಡು ಹೊಳೆ ಮುಟ್ಟುವ ಮೊದಲೇ ಹರಿಗೋಲು ತಿರುಗಿ ತಿರುಗಿ, ಕೆಳಗೆ ಜಾರಿ, ನಡುಗಡ್ಡೆಯ ಕಲ್ಲುಗಳಿಗೇ ಬಂದು ಬಡಿಯಿತು. ಮರುದಿನವೂ ಹಾಗೇ ಆಯಿತು. ಆಚೆ ದಡದಲ್ಲಿ ಪಟ್ಟಣದ ಬಸ್ಸು ಬಂದು ನಿಂತದ್ದು, ಜನ ಹತ್ತಿದ್ದು, ಬಸ್ಸು ಹೊರಟದ್ದು ಎಲ್ಲವೂ ಕಾಣುತ್ತಿತ್ತು.

"ದ್ಯಾವಮ್ಮನ್ನ ಕರೀರಿ" ಎಂದಳು ಈರಮ್ಮ. ದ್ಯಾವಮ್ಮ ಊರು ಬಿಟ್ಟದ್ದು ಅವಳಿಗೆ ಜ್ವರದಲ್ಲಿ ಮರೆತುಹೋಗಿತ್ತು.

"ಕರೆದೀನಿ. ಬರ್ತಾಳೆ" ಎಂದ ಗೂಳಪ್ಪ.

ಮೂರನೆಯ ದಿನ ಬೆಳಗ್ಗೆ ಈರಮ್ಮ ತೀರಿಕೊಂಡಳು.

ಮಳೆಗಾಲ ಕಳೆದು ಹೊಳೆ ಇಳಿಯುತ್ತಲೇ ಆರು ಮನೆಯವರು ಊರು ಬಿಟ್ಟರು. ಬಸುರಿಯರಿದ್ದ ಮನೆಗಳು ಮೊದಲು ಖಾಲಿಯಾದವು. ಮರುವರ್ಷ ಇನ್ನಷ್ಟು ಜನ ಹೋದರು. ಬಾಗಿಲು, ಕಂಬ, ಒರಳು, ದನಕರು ಎಲ್ಲವನ್ನೂ ಬೇಸಿಗೆಯಲ್ಲೇ ಸಾಗಿಸಿದರು. ಹೋಗುವಾಗ ಯಾರೂ ಗೂಳಪ್ಪನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಎರಡೆಕರೆಯಲ್ಲಿ ಶೇಂಗಾ ಚೆನ್ನಾಗಿಯೇ ಬಂತು. ಕೀಳಲು ಜೊತೆಗೆ ಒಬ್ಬ ಆಳೂ ಇರಲಿಲ್ಲ.

ಮೂರನೆಯ ಬೇಸಿಗೆಯಲ್ಲಿ ಅವನು ಬಂಡೆಗಳನ್ನು ದಾಟಿ ದ್ಯಾವಮ್ಮನನ್ನು ಹುಡುಕುತ್ತ ಹೋದ. ಬಸ್ ನಿಲ್ದಾಣದ ಬಳಿಯ ಒಂದು ಖಾನಾವಳಿಯ ಹಿಂದೆ ಅವಳು ಪಾತ್ರೆ ತಿಕ್ಕುತ್ತಿದ್ದಳು. ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಆ ನೆಲ ನಿನ್ನ ಹೆಸರಿಗೆ ಬರೆದುಕೊಡ್ತೀನಿ ತಾಯಿ. ಬಾ, ಹುಟ್ಟು ಹಿಡಿ."

ಅವಳು ಕೈ ಒರೆಸಿಕೊಂಡಳು. "ಊರಾಗೆ ಈಗ ಎಷ್ಟು ಮನಿ ಅದಾವ ಯಣ್ಣಾ?"

"ನಂದೊಂದೇ."

"ಮತ್ತೆ ಯಾರನ್ನ ದಾಟಿಸಲಿ?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಒಳಗೆ ಹೋಗಿ ಎರಡು ರೊಟ್ಟಿ, ಪಲ್ಯ ತಂದು ಕೊಟ್ಟಳು. ಅವನು ಉಂಡು ಎದ್ದ. ಸಂಜೆಗೆ ಮುಂಚೆ ಬಂಡೆಗಳನ್ನು ದಾಟಿ ನಡುಗಡ್ಡೆಗೆ ಹೋದ. ಆಮೇಲೆ ಅವನು ಪಟ್ಟಣದ ದಡಕ್ಕೆ ಬಂದದ್ದನ್ನು ಕಂಡವರಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೆ ಗುರುಗಳೇ, ಆ ನೆಲ ಅವನದೇ ಅಲ್ಲವೇ?"

"ಅವನದೇ. ಆದರೆ ನೆಲ ಯಾರದೆಂದು ಆರು ವರ್ಷ ಕೇಳಿದವನು ತಾನು ಯಾರವನೆಂದು ಒಂದು ದಿನವೂ ಕೇಳಲಿಲ್ಲ."